ಬೇಗಂ ಬಜಾರ್: ಪ್ರಭುತ್ವ ಮತ್ತು ಪೇಟೆಯ ಹುಟ್ಟು

ಪೇಟೆಯೆಂಬುದು ಕೊಡುಕೊಳ್ಳುವಿಕೆಯಿಂದ ತಾನಾಗಿ ಬೆಳೆಯುತ್ತದೆ, ಪ್ರಭುತ್ವವು ಅನಂತರ ಅದರೊಳಗೆ ಕೈಹಾಕುತ್ತದೆ ಎಂಬ ತಿಳುವಳಿಕೆ ನಮ್ಮಲ್ಲಿ ಬೇರೂರಿದೆ. ಸುಂಕದ ಬಂಕಣ್ಣನಂಥ ವಚನಕಾರನನ್ನು ಬಲ್ಲ ಕನ್ನಡ ವಿದ್ವಾಂಸರಾದರೂ ಇದನ್ನು ಸಂದೇಹಿಸಬೇಕಾಗಿತ್ತು.

ಹೈದರಾಬಾದಿನ ಬೇಗಂ ಬಜಾರಿನ ನೆಲವೇ ರಾಜದತ್ತವಾದುದು. ನಿಜಾಮ್ ಅಲಿಖಾನನ (ಆಳ್ವಿಕೆ 1762-1803) ಪತ್ನಿ ಹಮ್ದಾ ಬೇಗಂ ಅದನ್ನು ವರ್ತಕರಿಗೆ ಕೊಟ್ಟಳೆಂಬುದು ಪ್ರತೀತಿ. ಅಲ್ಲಿ ನೆಲೆಸಿದ ಗೋಸಾಯಿ, ಮಾರವಾಡಿ, ಗುಜರಾತಿ ಸಾಹುಕಾರರ ಮುಖ್ಯ ಗಿರಾಕಿಯೂ ಸರಕಾರವೇ. ಸಾಲ ಕೊಟ್ಟ ಅವರು ತಾಲ್ಲೂಕುಗಳ ಕಂದಾಯವನ್ನು ಒತ್ತೆ ಹಿಡಿದರು. ರೈತನ ಕಿಸ್ತು ಬಜಾರಿನ ಬಡ್ಡಿಯಾಯಿತು.

1853ರಲ್ಲಿ ದಿವಾನರಾದ ಮೊದಲನೆಯ ಸಾಲಾರ್ ಜಂಗರು ಒತ್ತೆಯ ತಾಲ್ಲೂಕುಗಳನ್ನು ಬಿಡಿಸಿಕೊಂಡರು, ಊರೂರ ಟಂಕಸಾಲೆಗಳನ್ನು ಮುಚ್ಚಿಸಿ ಹಾಲಿ ಸಿಕ್ಕವನ್ನು ನೆಲೆಗೊಳಿಸಿದರು. 1865ರ ಜಿಲ್ಲಾಬಂದಿಯಿಂದ ವಸೂಲಿಯು ಸಂಬಳದ ಅಧಿಕಾರಿಗಳ ಕೈಗೆ ಬಂದಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿತು. ಕಲಬುರ್ಗಿ ಸೀಮೆಯು ರಾಜಧಾನಿಯ ಪೇಟೆಗೆ ಹತ್ತಿರವಾಯಿತು.

ಇದನ್ನು ಆಧುನಿಕತೆಯ ಆಗಮನವೆಂದು ಕೊಂಡಾಡುವವರಿದ್ದಾರೆ. ಆಡಳಿತದ ಮಟ್ಟಿಗೆ ಅದು ನಿಜವೂ ಹೌದು. ಆದರೆ ಒಕ್ಕಲಿಗನಿಗೆ ಬಿಡುಗಡೆಯಾಯಿತೆಂದು ನಾವು ಒಪ್ಪಲಾರೆವು. ಒತ್ತೆ ಹಿಡಿದ ಸಾಹುಕಾರನು ಹೋದನು, ನಗದಿನ ಕಿಸ್ತು ಉಳಿಯಿತು. ಗಡುವಿನೊಳಗೆ ಸಿಕ್ಕ ರೂಪಾಯಿಯನ್ನೇ ಕಟ್ಟಬೇಕಾದವನು ಸುಗ್ಗಿಯಲ್ಲಿ, ಧಾರಣೆ ಇಳಿದ ಹೊತ್ತಿನಲ್ಲಿಯೇ, ಜೋಳವನ್ನೋ ಹತ್ತಿಯನ್ನೋ ಮಾರಬೇಕು. ಇಲ್ಲವೇ ಊರ ಸಾಹುಕಾರನಲ್ಲಿ ಸಾಲ ಎತ್ತಬೇಕು. ಅವನನ್ನು ಪೇಟೆಗೆ ಕರೆತಂದುದು ಲಾಭದ ಆಸೆಗಿಂತ ಹೆಚ್ಚಾಗಿ ಕಂದಾಯದ ಗಡುವು.