ವೀಸದಿಂದ ಪೈವರೆಗೆ

ಒಂದು ವಸ್ತುವನ್ನು ಹಲವರು ಹಂಚಿಕೊಳ್ಳಬೇಕಾದಾಗ ಯಾರ ಪಾಲೂ ಕುಂದದಂತೆ ಅದನ್ನು ವಿಭಾಗಿಸುವ ಕ್ರಮವೇ ನಾಡಿನ ವ್ಯವಹಾರನೀತಿಗೆ ತಳಹದಿಯಾದುದರಿಂದ, ನಾಣ್ಯ ಮತ್ತು ತೂಕಗಳ ಭಿನ್ನಾಂಶಗಳ ಚರಿತ್ರೆಯನ್ನು ವರ್ತಕರ ಲೆಕ್ಕವೆಂದು ಬದಿಗಿರಿಸುವುದು ಉಚಿತವಲ್ಲ. ಬೀದರ ಪಟ್ಟಣವೂ ಅದರ ಅಂಚಿನ ಚಿದ್ರಿಯೂ ಭಾಲ್ಕಿ, ಔರಾದ ಸೀಮೆಗಳೂ ಸೇರಿದ ಈ ಭೂಭಾಗದಲ್ಲಿ ಅರಸುಮನೆತನಗಳು ಪದೇ ಪದೇ ಬದಲಾದರೂ, ಹದಿನಾರು ಪಾಲಿನ ಲೆಕ್ಕವು ಶತಮಾನಗಳನ್ನು ದಾಟಿ ಬಂದಿತು.

ಕಲ್ಯಾಣದ ಚಾಲುಕ್ಯರ ಕಾಲದ ದತ್ತಿಶಾಸನಗಳಲ್ಲಿ ಗದ್ಯಾಣ, ಪಣಗಳೊಡನೆ ಹಾಗ, ವೀಸಗಳೂ ಕಾಣಬರುತ್ತವೆ. ಪಣದ ಕಾಲುಭಾಗ ಹಾಗ, ಹಾಗದ ಕಾಲುಭಾಗ ವೀಸ. ಎಂದರೆ ಪಣಕ್ಕೆ ಹದಿನಾರು ವೀಸ. ಮುಂದೆ ನಿಜಾಮರ ಆಳ್ವಿಕೆಯಲ್ಲಿ ಚಲಾವಣೆಗೊಂಡ ಹಾಲಿ ಸಿಕ್ಕಾ ರೂಪಾಯಿಗೆ ಆಣೆಗಳು ಹದಿನಾರು. ಅಂಗಡಿಯ ಸೇರಿಗೆ ಛಟಾಕುಗಳೂ ಹದಿನಾರೇ. ಇದಕ್ಕೆ ಕಾರಣವನ್ನು ತಕ್ಕಡಿಯಲ್ಲಿಯೇ ಅರಸಬೇಕು. ಬೇರೆ ಯಾವ ತೂಕದ ಕಲ್ಲಿನ ನೆರವೂ ಇಲ್ಲದೆ ಧಾನ್ಯದ ರಾಶಿಯನ್ನು ಎರಡು ತಟ್ಟೆಗಳಲ್ಲಿ ಸಮಗೊಳಿಸಬಹುದು. ಹೀಗೆ ನಾಲ್ಕು ಸಲ ಇಬ್ಭಾಗಿಸಿದರೆ ಅರೆ, ಕಾಲು, ಅರೆಕಾಲುಗಳನ್ನು ದಾಟಿ ವೀಸವು ತಾನಾಗಿ ಕೈಗೆ ಬರುತ್ತದೆ. ಬೀದರಿನ ಕುಶಲಕರ್ಮಿಗಳು ಬಿದರಿ ಪಾತ್ರೆಯ ಎರಕಕ್ಕೆ ಸತುವಿನ ತೂಕದ ಹದಿನಾರನೆಯ ಒಂದು ಪಾಲಿನಷ್ಟು ತಾಮ್ರವನ್ನು ಬೆರೆಸುವ ರೂಢಿಯನ್ನು ನೋಡಿದರೆ, ಈ ಅಳತೆಯ ಅನುಕೂಲವು ಮನದಟ್ಟಾಗುತ್ತದೆ.

ಆದರೆ ಇಬ್ಭಾಗದ ಕ್ರಮದಿಂದ ಮೂರರಲ್ಲೊಂದು ಪಾಲು ದೊರೆಯದು. ರೋಮನರು ಈ ತೊಡಕನ್ನು ಬೇರೆ ಬಗೆಯಲ್ಲಿ ಪರಿಹರಿಸಿದರು. ಅವರ ‘ಆಸ್’ ಎಂಬ ಕಂಚಿನ ನಾಣ್ಯಕ್ಕೆ ಹನ್ನೆರಡು ‘ಉಂಕಿಯಾ’. ಅದರ ಅರ್ಧ ‘ಸೇಮಿಸ್’, ಮೂರರಲ್ಲೊಂದು ‘ತ್ರಿಯೆನ್ಸ್’, ಕಾಲು ‘ಕ್ವದ್ರಾನ್ಸ್’, ಆರರಲ್ಲೊಂದು ‘ಸೆಕ್ಸ್ತಾನ್ಸ್’. ಓದುಬಾರದವನೂ ಬೆರಳಿಟ್ಟು ಎಣಿಸಬಹುದಾದಂತೆ ತ್ರಿಯೆನ್ಸಿನ ಮೇಲೆ ನಾಲ್ಕು, ಕ್ವದ್ರಾನ್ಸಿನ ಮೇಲೆ ಮೂರು, ಸೆಕ್ಸ್ತಾನ್ಸಿನ ಮೇಲೆ ಎರಡು ಚುಕ್ಕೆಗಳನ್ನು ಅವರು ಒತ್ತುತ್ತಿದ್ದರು. ನಮ್ಮಲ್ಲಿಯೂ, ಕ್ರಿ. ಶ. 850ರ ಸುಮಾರಿನಲ್ಲಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು, ಒಂದನ್ನು ಅರ್ಧ, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು ಎಂಬಂತೆ ಶೇಷವಿಲ್ಲದೆ ಬಿಡಿಸುವ ಸೂತ್ರವನ್ನು ನಿರೂಪಿಸಿದನು.

ಬೀದರಿನ ಪೇಟೆಯಲ್ಲಿ ಹದಿನಾರು, ಹನ್ನೆರಡು ಎಂಬ ಈ ಎರಡು ಸಂಖ್ಯೆಗಳೂ ಜೊತೆಗೂಡಿದುವು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಒಟ್ಟು 192 ಪೈ. ಅಕ್ಕಸಾಲಿಗರ ತೊಲವೂ ಹನ್ನೆರಡು ಮಾಸ, ಮಾಸಕ್ಕೆ ಎಂಟು ಗುಂಜಿ. ಮೂವರು ಒಂದು ರೂಪಾಯಿಯನ್ನು ಹಂಚಿಕೊಂಡರೆ ತಲೆಗೆ ಐದಾಣೆ ನಾಲ್ಕು ಪೈ ದೊರೆತು, ಶೇಷವೇನೂ ಉಳಿಯುತ್ತಿರಲಿಲ್ಲ.

1956ರ ನವೆಂಬರ್ 1ರಂದು ಬೀದರ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆಗಳಾದುವು. ಬರಹದ ಲೆಕ್ಕಕ್ಕೆ ಇದರಿಂದಾದ ಸೌಕರ್ಯವು ದೊಡ್ಡದೆಂಬುದು ನಿರ್ವಿವಾದ. ಆದರೂ ಆ ಮೂವರಿಗೆ ತಲೆಗೆ ಮೂವತ್ತಮೂರು ಪೈಸೆ ಸಂದ ಬಳಿಕ ಒಂದು ಪೈಸೆ ವಾರಸುದಾರನಿಲ್ಲದೆ ಮಿಕ್ಕಿತು. ಹಿಂದಿನವರ ಕೋಷ್ಟಕಗಳು ದುಡಿಮೆಯ ಜನರು ತಂತಮ್ಮ ಪಾಲನ್ನು ತಾವೇ ಪರೀಕ್ಷಿಸಿಕೊಳ್ಳಲು ಕಟ್ಟಿಕೊಂಡ ಸಾಧನಗಳಾಗಿದ್ದುವು. ಅಣ್ಣತಮ್ಮಂದಿರು ಹೊಲವನ್ನು ಪಾಲು ಮಾಡಿಕೊಳ್ಳುವಲ್ಲಿ, ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರು ಆಣೆ ಎಂಬ ಗಣನೆಯು ಇಂದಿಗೂ ಬಳಕೆಯಲ್ಲಿರುವುದಕ್ಕೆ ಈ ಯೋಗ್ಯತೆಯೇ ಕಾರಣವೆಂದು ನಾನು ನಂಬುತ್ತೇನೆ.