ಟೀವಿಗೆ ಕಿವಿ ಬಂದ ಕಥೆ

ಫೈರ್ ಟೀವಿ ಸ್ಟಿಕ್ ತಂದ್ರಿ. ಟೀವಿಗೆ ಸಿಕ್ಕಿಸಿ, ವೈಫೈ ಪಾಸ್‌ವರ್ಡ್ ಕೊಟ್ಟು, ಮೈಕ್ ಬಟನ್ ಒತ್ತಿ ಸಿನಿಮಾ ಹೆಸರು ಹೇಳಿದ್ರಿ. ಬಂತು! ಯಂತ್ರಕ್ಕೆ ಈ ಕಿವಿ ಬಂದದ್ದು ಯಾವಾಗ ಗೊತ್ತಾ?

1952ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಕಟ್ಟಿದ ‘ಆಡ್ರಿ’ಗೆ ತಿಳೀತಿದ್ದದ್ದು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ ಮಾತ್ರ; ಅದೂ ತಡೆತಡೆದು ಹೇಳಬೇಕಿತ್ತು. 1962ರ ಸಿಯಾಟಲ್ ವಿಶ್ವಮೇಳದಲ್ಲಿ ಐಬಿಎಂ ತೋರಿಸಿದ ‘ಶೂಬಾಕ್ಸ್’ಗೆ 16 ಪದ ಬರ್ತಿತ್ತು. 2014ರಲ್ಲಿ ಅಮೆಜಾನ್ ಫೈರ್ ಟೀವಿಯ ರಿಮೋಟ್‌ನಲ್ಲೇ ಮೈಕ್ ಬಂತು.

ಆಡ್ರಿ ಕೇಳಿದ ಮಾತು ಪ್ರಯೋಗಾಲಯ ದಾಟುತ್ತಿರಲಿಲ್ಲ. ನಿಮ್ಮ ಮಾತು ಇಂಟರ್‌ನೆಟ್‌ನಲ್ಲಿ ಕಂಪನಿಯ ಸರ್ವರ್‌ವರೆಗೂ ಹೋಗುತ್ತೆ. ಹಾಗಾಗಿ ಸಿನಿಮಾ ಬಂತು ಅಂತ ಅಷ್ಟಕ್ಕೇ ಬಿಡಬೇಡಿ. ಅಲೆಕ್ಸಾ ಆ್ಯಪ್‌ನ ಪ್ರೈವಸಿ ಸೆಟ್ಟಿಂಗ್ ತೆರೆದು, ಅಲ್ಲಿ ಉಳಿದಿರೋ ಧ್ವನಿಮುದ್ರಣಗಳನ್ನ ಅಳಿಸಿ. ಆ ಮೈಕ್ ಮುಂದೆ ಮಾತಾಡೋರಲ್ಲಿ ನಿಮ್ಮ ಮಕ್ಕಳೂ ಇರ್ತಾರೆ.