ಕಾಸಿಲ್ಲದವರ ಸುದ್ದಿ: ಈಸೂರಿನಿಂದ ಚಂದ್ರಗುತ್ತಿಯವರೆಗೆ

ನಮ್ಮ ಸುದ್ದಿ ಪತ್ರಿಕೆಯಲ್ಲಿ ಬರಬೇಕಾದರೆ ಏನು ಮಾಡಬೇಕು? ಊರಿನ ಶಾಲೆ ಉಳಿಸಿಕೊಳ್ಳಲು ಹೊರಟವರು, ಕೆರೆ ಒತ್ತುವರಿಯ ವಿರುದ್ಧ ನಿಂತವರು, ಜಮಾಅತಿನ ಹಿರಿಯರು ಎಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಜಾಹೀರಾತು ಕೊಡಬೇಕು, ದೊಡ್ಡವರ ಪರಿಚಯ ಇರಬೇಕು ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಆದರೆ ಶಿಕಾರಿಪುರ ಮತ್ತು ಸೊರಬದ ನೆಲದ ಚರಿತ್ರೆಯನ್ನು ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ.

ಈ ಎರಡು ತಾಲ್ಲೂಕುಗಳಲ್ಲಿ ಕಲ್ಲು ಕೂಡ ಸುದ್ದಿ ಹೇಳುತ್ತದೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳೂ ಎಂಟನೆಯದರಲ್ಲಿ (1904) ಸೊರಬದ ಶಾಸನಗಳೂ ಇವೆ. ಅಲ್ಲಿ ರಾಜರ ದಾನದತ್ತಿಗಳ ಜೊತೆಗೆ ವೀರಗಲ್ಲುಗಳೂ ಉಂಟು. ಊರಿನ ದನಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತ ಸಾಮಾನ್ಯನ ಹೆಸರು ರಾಜನ ಹೆಸರಿನ ಜೊತೆಯಲ್ಲೇ ಕಲ್ಲಿನಲ್ಲಿ ಉಳಿದಿದೆ. ಊರಿಗಾಗಿ ಪ್ರಾಣ ಕೊಟ್ಟವನ ಸುದ್ದಿಯನ್ನು ಊರು ಮರೆಯಬಾರದು ಎಂಬ ಕಟ್ಟಳೆ ಅಂದಿನದು.

ಅದೇ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ 1942ರ ಸೆಪ್ಟೆಂಬರ್ ಕೊನೆಯಲ್ಲಿ ನಡೆದದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆಗಸ್ಟ್ 9ರಂದು ಗಾಂಧೀಜಿ ಬಂಧನಕ್ಕೊಳಗಾಗಿದ್ದರು. ಈಸೂರಿನವರು ಕಂದಾಯದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು, ವೀರಭದ್ರ ದೇವಸ್ಥಾನದ ಮೇಲೆ ಧ್ವಜ ಹಾರಿಸಿದರು, ಸರ್ಕಾರಿ ಅಧಿಕಾರಿಗಳಿಗೆ ಪ್ರವೇಶವಿಲ್ಲ ಎಂದು ಊರ ಬಾಗಿಲಲ್ಲಿ ಹಲಗೆ ತೂಗುಹಾಕಿದರು. ಹುಡುಗರಿಬ್ಬರನ್ನು ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರೇ ಪೊಲೀಸರೊಂದಿಗೆ ಬಂದಾಗ ಗಾಂಧಿ ಟೋಪಿ ಹಾಕಿಕೊಳ್ಳಿ ಎಂದರು. ಮಾತು ಬೆಳೆದು ಲಾಠಿ, ಗುಂಡು, ಬಡಿದಾಟವಾಯಿತು. ಅಮಲ್ದಾರ ಚೆನ್ನಕೃಷ್ಣಪ್ಪ ಮತ್ತು ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಸತ್ತರು. ಊರವರು ಕಾಡು ಸೇರಿದರು, ಊರು ಸೂರೆಯಾಯಿತು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಹೆಂಗಸರಿಗೂ ಜೀವಾವಧಿ ಶಿಕ್ಷೆಯಾಯಿತು.

ಅದು ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದ ಕಾಲ. ಮೈಸೂರು ಸಂಸ್ಥಾನದಲ್ಲಿ ಈ ಬೀಗ ಹಳೆಯದು. 1908ರ ಪತ್ರಿಕಾ ಕಾನೂನು ಬಂದಾಗ ತಾತಯ್ಯನೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದ್ದರು. ಕಲ್ಕತ್ತೆಯಲ್ಲಿ ಮೌಲಾನಾ ಆಜಾದರು 1912ರಲ್ಲಿ ಆರಂಭಿಸಿದ 'ಅಲ್ ಹಿಲಾಲ್' ಉರ್ದು ವಾರಪತ್ರಿಕೆಯನ್ನೂ ಠೇವಣಿ ಮುಟ್ಟುಗೋಲಿನ ಅಸ್ತ್ರದಿಂದ 1914ರಲ್ಲಿ ನಿಲ್ಲಿಸಲಾಯಿತು. 1942ರಲ್ಲಿ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಗುಟ್ಟಾಗಿ 'ಕಾಂಗ್ರೆಸ್ ರೇಡಿಯೊ' ನಡೆಸಿದ್ದು ಈ ಬೀಗವನ್ನು ಮುರಿಯಲೆಂದೇ. ನವೆಂಬರ್‌ನಲ್ಲಿ ಅದೂ ಸಿಕ್ಕಿಬಿತ್ತು.

ಈಸೂರಿನವರ ಬಳಿ ರೇಡಿಯೊ ಇರಲಿಲ್ಲ. ಇದ್ದದ್ದು ಒಂದು ಘೋಷಣೆ: ಏಸೂರು ಕೊಟ್ಟರೂ ಈಸೂರು ಕೊಡೆವು. ಅದನ್ನು ಅಚ್ಚು ಹಾಕಬೇಕಿರಲಿಲ್ಲ, ಒಮ್ಮೆ ಕೇಳಿದವನು ಇನ್ನೊಬ್ಬನಿಗೆ ಹೇಳದೆ ಇರಲಾರ. ಹುಡುಗನೊಬ್ಬ ಅಮಲ್ದಾರನಾದ ಕಥೆಯೂ ಹಾಗೆಯೇ. ಸರ್ಕಾರಕ್ಕೆ ಪತ್ರಿಕೆಯನ್ನು ತಡೆಯಲು ಬಂದೀತು, ಸಂತೆಯ ಬಾಯನ್ನು ತಡೆಯಲು ಬರಲಿಲ್ಲ. ಆದರೆ ಈ ಸುದ್ದಿಗೆ ತೆತ್ತ ಬೆಲೆಯನ್ನು ಮರೆಯಬಾರದು. ಕಾಸಿಲ್ಲದೆ ಹರಡಿದ ಸುದ್ದಿ ಅದು, ಆದರೆ ಅದಕ್ಕಾಗಿ ಪ್ರಾಣಗಳು ಹೋಗಿವೆ. ಸತ್ತ ಇಬ್ಬರು ಅಧಿಕಾರಿಗಳೂ ಈ ನಾಡಿನವರೇ.

ಸೊರಬದ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಒಂಬತ್ತು ವರ್ಷಗಳ ನಂತರ ಬೇರೆ ದಾರಿ ಹಿಡಿದರು. ಅಲ್ಲಿನ ಜಗಳ ಕೊಳಗದ್ದು. ಗೇಣಿ ಅಳೆಯುವ ಕೊಳಗ ದೊಡ್ಡದೆಂಬುದು ದೀವರ ಒಕ್ಕಲುಗಳ ದೂರು. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ರೈತಸಂಘ ಕಟ್ಟಿ, 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭಿಸಿದರು. ತಂಡ ತಂಡವಾಗಿ ಗದ್ದೆಗಿಳಿದು ಬಂಧನಕ್ಕೊಳಗಾಗುವುದು ಅವರ ಕ್ರಮ. ಇಲ್ಲಿ ನಾವು ಗಮನಿಸಬೇಕಾದ ವಿಷಯವಿದೆ. ಒಂದೇ ದಿನ ಎಲ್ಲರೂ ಜೈಲಿಗೆ ಹೋದರೆ ಸುದ್ದಿ ಒಂದೇ ದಿನದ್ದು. ತಂಡವಾಗಿ ಹೋದರೆ ಪ್ರತಿ ಸಲವೂ ಹೊಸ ಹೆಸರು, ಹೊಸ ಲೆಕ್ಕ. ಕೊಳಗವಂತೂ ಯಾರಿಗೂ ವಿವರಿಸಬೇಕಾದ ವಸ್ತುವಲ್ಲ. 1930ರಲ್ಲಿ ಗಾಂಧೀಜಿ ಉಪ್ಪನ್ನು ಆರಿಸಿಕೊಂಡದ್ದು ಇಂಥದೇ ಜಾಣ್ಮೆಯಿಂದ. ಆ ವರ್ಷದ ಮೇ 21ರಂದು ಧಾರಾಸನಾದಲ್ಲಿ ಸರೋಜಿನಿ ನಾಯ್ಡು, ಇಮಾಮ್ ಸಾಹೇಬ್ ಬಾವಜೀರ್ ಮೊದಲಾದವರ ಮುಂದಾಳತ್ವದಲ್ಲಿ ಸತ್ಯಾಗ್ರಹಿಗಳು ಕೈ ಎತ್ತದೆ ಲಾಠಿ ಏಟು ತಿಂದರು. ಅಮೆರಿಕದ ವರದಿಗಾರ ವೆಬ್ ಮಿಲ್ಲರ್ ಕಣ್ಣಾರೆ ಕಂಡು ಬರೆದದ್ದು ಜಗತ್ತಿಗೆಲ್ಲ ತಲುಪಿತು.

ಕಾಗೋಡಿಗೆ ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷ ಬೆಂಬಲವಾಗಿ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು. ಸಾಗರದ ರೈಲು ನಿಲ್ದಾಣದಲ್ಲಿ ಅವರನ್ನು ಬಂಧಿಸಿದ್ದೇ ತಡ, ಮಲೆನಾಡಿನ ಮೂಲೆಯ ಹಳ್ಳಿ ದೇಶದ ಸುದ್ದಿಯಾಯಿತು. ಸರ್ಕಾರ ತಾನೇ ಖರ್ಚು ಮಾಡಿ ಚಳವಳಿಗೆ ಪ್ರಚಾರ ಕೊಟ್ಟಂತಾಯಿತು. ಗೋಪಾಲಗೌಡರು 1952ರಲ್ಲಿ ವಿಧಾನಸಭೆಗೆ ಹೋದರು. ಉಳುವವನಿಗೆ ಹೊಲ ಎಂಬ ಮಾತು 1974ರಲ್ಲಿ ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ ಬಲವಾದ ಕಾನೂನಾಯಿತು. ಸುದ್ದಿ ಕಾನೂನಾಗಲು ಇಪ್ಪತ್ತಮೂರು ವರ್ಷ ಹಿಡಿಯಿತು. ಒಂದು ದಿನದ ಫೋಟೋ ನೋಡಿ ತೃಪ್ತರಾಗುವ ನಾವು ಈ ಲೆಕ್ಕವನ್ನು ನೆನಪಿಡಬೇಕು.

ಪ್ರಚಾರದ ಇನ್ನೊಂದು ಮುಖವನ್ನು ಸೊರಬ ತಾಲ್ಲೂಕಿನ ಚಂದ್ರಗುತ್ತಿ ತೋರಿಸಿತು. ಅಲ್ಲಿನ ಬೆತ್ತಲೆ ಸೇವೆಯ ವಿರುದ್ಧ ದಲಿತ ಸಂಘರ್ಷ ಸಮಿತಿಯವರು, ಸಮಾಜ ಸುಧಾರಕರು ದನಿ ಎತ್ತಿದ್ದು ನ್ಯಾಯವೇ. ಪತ್ರಿಕೆಗಳು ಬರೆದದ್ದೂ ನ್ಯಾಯವೇ. ಆದರೆ 1986ರ ಮಾರ್ಚ್‌ನಲ್ಲಿ ಜನಜಂಗುಳಿ ತಿರುಗಿಬಿದ್ದು ಕಾರ್ಯಕರ್ತರ, ಪೊಲೀಸರ, ಕ್ಯಾಮೆರಾ ಹಿಡಿದ ಪತ್ರಕರ್ತರ ಮೇಲೆ ಏರಿಹೋಯಿತು. ಅವರಲ್ಲಿ ಹಲವರನ್ನು ಬಟ್ಟೆ ಕಿತ್ತು ನಡೆಸಿತು. ಆ ಹಿಂಸೆಗೆ ಯಾವ ಸಮರ್ಥನೆಯೂ ಇಲ್ಲ. ಸರ್ಕಾರ ಸೇವೆಯನ್ನು ನಿಷೇಧಿಸಿದ್ದು ಒಳ್ಳೆಯದಾಯಿತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹರಕೆ ಹೊತ್ತ ಆ ಬಡ ಹೆಂಗಸರ ಚಿತ್ರದ ಬಗ್ಗೆ ನಾಡೆಲ್ಲ ಮಾತಾಡಿತು. ಅವರ ಮಾತನ್ನು ಎಷ್ಟು ಮಂದಿ ಕೇಳಿದರು?

ಈ ಪ್ರಶ್ನೆ ನಮ್ಮ ಸಮುದಾಯಕ್ಕೂ ತಟ್ಟುತ್ತದೆ. 2022ರ ಫೆಬ್ರವರಿಯಲ್ಲಿ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಮುಂದೆ ನಿಂತಾಗ ಕ್ಯಾಮೆರಾಗಳಿಗೆ ಕೊರತೆಯಿರಲಿಲ್ಲ. ಪುಕ್ಕಟೆ ಪ್ರಚಾರ ಬೇಕಾದಷ್ಟು ಸಿಕ್ಕಿತು. ಆದರೆ ಪರೀಕ್ಷೆ, ಹಾಜರಿ, ಓದಿನ ಆಸೆ ಇವುಗಳ ಬಗ್ಗೆ ಆ ಮಕ್ಕಳ ಪೂರ್ತಿ ಒಂದು ವಾಕ್ಯ ಕೇಳಿಸಿದ್ದು ಅಪರೂಪ. ಮುಸ್ಲಿಮರು ಸುದ್ದಿಯಲ್ಲಿಲ್ಲ ಎಂಬ ದೂರು ಸರಿಯಲ್ಲ. ಸುದ್ದಿಯಲ್ಲಿ ದಿನವೂ ಇದ್ದೇವೆ, ಇನ್ನೊಬ್ಬರ ಮಾತಿನಲ್ಲಿ ಇದ್ದೇವೆ. ಇದೇ ಶಿವಮೊಗ್ಗ ಜಿಲ್ಲೆಯ ಪಿ. ಲಂಕೇಶ್ 1980ರಲ್ಲಿ ಆರಂಭಿಸಿದ, ಜಾಹೀರಾತಿಲ್ಲದ 'ಲಂಕೇಶ್ ಪತ್ರಿಕೆ'ಯಲ್ಲಿ ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಬರೆದಾಗ ಕನ್ನಡ ಓದುಗರು ಕಿವಿಗೊಟ್ಟರಲ್ಲ! ತಮ್ಮ ಮಾತನ್ನು ತಾವೇ ಬರೆದಿದ್ದರಿಂದ ಅದು ಸಾಧ್ಯವಾಯಿತು.

ದುಡ್ಡಿನ ದಾರಿ ಎಲ್ಲಿಗೆ ಒಯ್ಯುತ್ತದೆಂದೂ ನಾವು ಕಂಡಿದ್ದೇವೆ. 2009ರ ಲೋಕಸಭಾ ಚುನಾವಣೆಯ ನಂತರ 'ಕಾಸಿಗಾಗಿ ಸುದ್ದಿ'ಯ ಬಗ್ಗೆ ಪ್ರೆಸ್ ಕೌನ್ಸಿಲ್‌ನ ಇಬ್ಬರು ಸದಸ್ಯರ ಉಪಸಮಿತಿ 2010ರಲ್ಲಿ ವರದಿ ಬರೆಯಿತು. ಆ ವರದಿಯೇ ಪೂರ್ತಿಯಾಗಿ ಹೊರಬರಲು ಮರುವರ್ಷದವರೆಗೆ ಕಾಯಬೇಕಾಯಿತು. ಕೊಂಡ ಸುದ್ದಿಯನ್ನು ಹೆಚ್ಚು ದುಡ್ಡಿರುವವನು ನಾಳೆ ಕೊಂಡು ಅಳಿಸಬಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಕಾಗೋಡಿನವರಂತೆ ಒಂದೇ ಒಂದು ಸ್ಪಷ್ಟ ದೂರು ಇಟ್ಟುಕೊಳ್ಳುವುದು. ದಿನಾಂಕ, ಹೆಸರು, ಅಳತೆ ಸಹಿತ ಒಂದು ಪುಟ ಬರೆದು ತಾಲ್ಲೂಕಿನ ವರದಿಗಾರನ ಕೈಗೆ ಕೊಡುವುದು. ನೊಂದವರೇ ಮಾತಾಡುವಂತೆ ನೋಡಿಕೊಳ್ಳುವುದು. ಸುಳ್ಳು ಸೇರಿಸದಿರುವುದು. ಸುದ್ದಿ ಬಂದಾಗ ಅದನ್ನು ಪರಿಶೀಲಿಸಿ, ಇಲ್ಲವಾದರೆ ತಿಳಿಯದೆ ಒಂದು ಜನಕ್ಕೆ ಕೇಡು ಮಾಡಿ ಪಶ್ಚಾತ್ತಾಪ ಪಡುತ್ತೀರಿ ಎಂಬ ಆಶಯ ಕುರ್‌ಆನಿನ ಹುಜುರಾತ್ ಅಧ್ಯಾಯದ್ದು. ಈ ಎಚ್ಚರ ಸುದ್ದಿ ಕೇಳುವವರಿಗೆ ಮಾತ್ರವಲ್ಲ, ಕೊಡುವವರಿಗೂ ಬೇಕು. 'ಖಬರು' ಎಂದು ಉರ್ದುವಿನಲ್ಲೂ ಕನ್ನಡದಲ್ಲೂ ಹೇಳುತ್ತೇವೆ. ಕನ್ನಡದಲ್ಲಿ ಅದಕ್ಕೆ ಎಚ್ಚರವೆಂಬ ಅರ್ಥವೂ ಇದೆ. ಮೈಮೇಲೆ ಖಬರಿಲ್ಲದವನು ಕೊಟ್ಟ ಖಬರನ್ನು ಯಾರು ತಾನೇ ನಂಬುತ್ತಾರೆ?